ಹಿನ್ನೀರಲ್ಲಿ ಗಾಳ ಹಾಕಲು ಪೆಡಲ್ ಕಯಾಕ್: ಫಿನ್ ಬೇಕೋ, ಪ್ರೊಪೆಲ್ಲರ್ ಬೇಕೋ?

ಪೆಡಲ್ ಕಯಾಕ್ ಕೊಳ್ಳಬೇಕು ಅಂತ ಮನಸ್ಸು ಮಾಡಿದವರು ಮೊದಲು ಕೇಳುವುದು ಒಂದೇ ಮಾತು: ಯಾವ ಕಂಪನಿಯದು ಚಲೋ? ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಗಾಳ ಹಾಕುವ ಗೆಳೆಯರು ಎರಡು ಮೂರು ಹೆಸರು ಹಿಡಿದುಕೊಂಡು ತಿಂಗಳುಗಟ್ಟಲೆ ಅತ್ತಿತ್ತ ತೂಗುತ್ತಿರುತ್ತಾರೆ. ಕಂಪನಿಯ ಮಾತು ಕೊನೆಗೆ ಬರಲಿ. ನೀವು ಇಳಿಯುವ ನೀರಿನ ತಳದಲ್ಲಿ ಏನಿದೆ? ಆ ನೀರಿನ ತನಕ ಕಯಾಕನ್ನು ಹೇಗೆ ಒಯ್ಯುತ್ತೀರಿ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ತಾನಾಗಿ ಮುಗಿಯುತ್ತದೆ.

ಹೊಸಬರಿಗಾಗಿ ಒಂದಿಷ್ಟು ಹೇಳಿಬಿಡುತ್ತೇನೆ. ಪೆಡಲ್ ಕಯಾಕ್ ಅಂದರೆ ಕುಳಿತು ಕಾಲಿನಿಂದ ತುಳಿದು ನಡೆಸುವ ಕಿರುದೋಣಿ. ಹುಟ್ಟು ಹಾಕುವ ಕೆಲಸ ಕಾಲಿಗೆ ಹೋಗುತ್ತದೆ, ಕೈ ರಾಡ್ ಹಿಡಿಯಲು ಬಿಡುವಾಗುತ್ತದೆ. ಆಗಾಗ ಚುಕ್ಕಾಣಿಯ ಹಿಡಿಕೆ ತಿರುಗಿಸಿದರೆ ಸಾಕು. ತುಳಿದ ಬಲವನ್ನು ನೀರಿಗೆ ಮುಟ್ಟಿಸುವ ಸಾಧನಕ್ಕೆ ಡ್ರೈವ್ ಅನ್ನುತ್ತಾರೆ. ಅದರಲ್ಲಿ ಎರಡು ಬಗೆ: ಬೀಸುವ ರೆಕ್ಕೆಯದು ಫಿನ್, ತಿರುಗುವ ಪಂಖದ್ದು ಪ್ರೊಪೆಲ್ಲರ್. ಇದರ ಬೆಲೆ ಗೊತ್ತಾಗುವುದು ಗಾಳಿ ಬೀಸುವಾಗ. ಕೋಲ್ಹಾರದ ಸೇತುವೆಯ ಮೇಲೆ ನಿಂತು ಕೃಷ್ಣೆಯ ಹಿನ್ನೀರನ್ನು ಒಮ್ಮೆ ನೋಡಿ. ಮರವಿಲ್ಲ, ಗುಡ್ಡವಿಲ್ಲ, ಗಾಳಿಗೆ ತಡೆಯೇ ಇಲ್ಲ. ಹುಟ್ಟಿನ ಕಯಾಕ್‌ನಲ್ಲಿ ಲೂರ್ (ಮೀನು ಸೆಳೆಯುವ ನಕಲಿ ಎರೆ) ಎಸೆದು ರೀಲ್ ಸುತ್ತುವಷ್ಟರಲ್ಲಿ ಗಾಳಿ ನಿಮ್ಮನ್ನು ಹತ್ತಾರು ಮಾರು ಆಚೆ ತಳ್ಳಿರುತ್ತದೆ. ಪೆಡಲ್ ಇದ್ದರೆ ಗಾಳಿಗೆ ಮುಖ ಮಾಡಿ ಮೆಲ್ಲಗೆ ತುಳಿಯುತ್ತಾ ಇದ್ದ ಜಾಗದಲ್ಲೇ ಇರಬಹುದು.

ಮೊದಲು ನೀರು

ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಜುಲೈ, ಆಗಸ್ಟ್ ಹೊತ್ತಿಗೆ ತುಂಬಿಕೊಳ್ಳುತ್ತದೆ. ದೀಪಾವಳಿ ಕಳೆದ ಮೇಲೆ ಇಳಿಯಲು ಶುರುವಾಗಿ ಬೇಸಿಗೆಗೆ ತಳ ಮುಟ್ಟುತ್ತದೆ. ನಮ್ಮದು ಬಯಲು ಸೀಮೆ. ಮಟ್ಟ ಸ್ವಲ್ಪ ಇಳಿದರೂ ದಂಡೆ ಬಹಳ ದೂರ ಸರಿಯುತ್ತದೆ. ಆಗಸ್ಟ್‌ನಲ್ಲಿ ಎರಡು ಆಳು ನೀರಿದ್ದ ಕಡೆ ಏಪ್ರಿಲ್‌ನಲ್ಲಿ ಮೊಣಕಾಲುದ್ದವೂ ಇರುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೊರಗಿನ ದೇಶದ ವಿಡಿಯೋಗಳಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಹಿನ್ನೀರಿನ ಅಡಿಯಲ್ಲಿ ಊರುಗಳಿವೆ. ಹಳೆ ಬಾಗಲಕೋಟೆಯ ಒಂದು ಭಾಗ, ಕೃಷ್ಣೆ ಮತ್ತು ಘಟಪ್ರಭೆಯ ದಂಡೆಯ ಎಷ್ಟೋ ಹಳ್ಳಿ, ಹೊಲ, ಬಾವಿ ಎಲ್ಲ ಮುಳುಗಿವೆ. ಗೋಡೆಯ ಬುಡ, ಬಾವಿಯ ಕಟ್ಟೆ, ಬದು, ಜಾಲಿಯ ಬೊಡ್ಡೆ ನೀರಿನ ಕೆಳಗೆ ಹಾಗೇ ನಿಂತಿವೆ. ಘಟಪ್ರಭೆಯ ಹಿಡಕಲ್ ಜಲಾಶಯದಲ್ಲೂ ಇದೇ ಕತೆ. ಹುನ್ನೂರಿನ ವಿಠ್ಠಲ ಗುಡಿ ಜಲಾಶಯ ತುಂಬಿದಾಗ ಮುಳುಗಿ, ನೀರು ಇಳಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಮೀನಿಗೆ ಇಂಥ ಜಾಗವೇ ಇಷ್ಟ. ಹಾಗಾಗಿ ನೀವು ಹೋಗುವುದೂ ಅಲ್ಲಿಗೇ. ಕಯಾಕ್‌ನ ಡ್ರೈವ್ ಬಡಿಯುವುದೂ ಅಲ್ಲಿಗೇ.

ಮೂರನೆಯದು ಬಲೆ. ಸಂಜೆ ಬಿಟ್ಟ ಬಲೆಗಳು ಬೆಳಗಿನವರೆಗೆ ನೀರಲ್ಲಿ ಇರುತ್ತವೆ. ಬೆಂಡು ಕಂಡರೆ ಸರಿ. ಕೆಲವು ಕಡೆ ಖಾಲಿ ನೀರಿನ ಬಾಟಲಿಯೇ ಬೆಂಡು. ಅಲೆ ಎದ್ದಾಗ ಅದು ಕಾಣುವುದೇ ಇಲ್ಲ. ಹರಿದು ಬಿಟ್ಟುಹೋದ ಬಲೆಗೆ ಬೆಂಡೂ ಇರುವುದಿಲ್ಲ. ನಿಮ್ಮ ಡ್ರೈವ್ ಒಬ್ಬ ಮೀನುಗಾರನ ಬಲೆ ಹರಿದರೆ ಅದು ಅವರ ಹೊಟ್ಟೆಪಾಡಿನ ಮಾತು. ಡ್ರೈವ್ ಆರಿಸುವಾಗ ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಮೊಸಳೆಯನ್ನೂ ಮರೆಯಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಬೇಸಿಗೆಯಲ್ಲಿ ದಂಡೆಗೆ ಬಂದು ಬಿಸಿಲು ಕಾಯುತ್ತವೆ. ಮಡುಗಳ ಹತ್ತಿರ ಕಾಲು ಇಳಿಬಿಟ್ಟು ಕೂರುವುದು, ಹಿಡಿದ ಮೀನನ್ನು ದಾರಕ್ಕೆ ಕಟ್ಟಿ ನೀರಲ್ಲಿ ತೇಲಿಬಿಡುವುದು ಬೇಡವೇ ಬೇಡ.

ಆಮೇಲೆ ದಂಡೆ

ಕಯಾಕ್ ಕೊಂಡವರಲ್ಲಿ ಎಷ್ಟೋ ಜನ ಅದನ್ನು ಬಳಸದೆ ಬಿಡುವುದು ತೂಕದ ಕಾರಣಕ್ಕೆ. ನೀರಲ್ಲಿ ಯಾವುದೂ ಭಾರ ಅನಿಸುವುದಿಲ್ಲ. ದಂಡೆಯಲ್ಲೇ ಎಲ್ಲ ಪಡಿಪಾಟಲು.

ನಮ್ಮದು ಎರಿಮಣ್ಣು. ನೀರು ಹಿಂದೆ ಸರಿದ ಕಡೆ ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಾಣುತ್ತದೆ. ನಾಲ್ಕು ಹೆಜ್ಜೆ ಇಟ್ಟರೆ ಕಾಲು ಹೂತು ಹೋಗುತ್ತದೆ, ಚಪ್ಪಲಿ ಅಲ್ಲೇ ಉಳಿಯುತ್ತದೆ. ಕಯಾಕ್ ಒಯ್ಯಲು ಕೊಡುವ ಸಣ್ಣ ಗಾಲಿಯ ಬಂಡಿ ಇಂಥ ಕಡೆ ಹತ್ತು ಮಾರು ಹೋಗುವಷ್ಟರಲ್ಲಿ ಕೆಸರು ಸುತ್ತಿಕೊಂಡು ತಿರುಗುವುದನ್ನೇ ಬಿಡುತ್ತದೆ. ಆಮೇಲೆ ಅದು ಬಂಡಿಯಲ್ಲ, ಎಳೆಯಬೇಕಾದ ಇನ್ನೊಂದು ಭಾರ. ಅಗಲವಾದ, ಗಾಳಿ ಕಡಿಮೆ ತುಂಬಿದ ದಪ್ಪ ಗಾಲಿಯ ಬಂಡಿ ಬೇಕು. ಅದಿಲ್ಲದಿದ್ದರೆ ಕಲ್ಲು, ಗರಸು ಇರುವ ದಂಡೆಯನ್ನೇ ಹುಡುಕಿಕೊಳ್ಳಬೇಕು.

ಆದ್ದರಿಂದ ಒಬ್ಬರೇ ಹೋಗುವವರಾದರೆ ಡ್ರೈವ್ ಮತ್ತು ಸೀಟು ಬಿಚ್ಚಿದ ಮೇಲೆ ಉಳಿಯುವ ಹಲ್, ಅಂದರೆ ಕಯಾಕ್‌ನ ಬರೀ ಮೈ, 35 ಕೆಜಿಯೊಳಗೆ ಇರಲಿ. ಇಬ್ಬರಿದ್ದರೆ 50 ಕೆಜಿವರೆಗೂ ನಡೆಯುತ್ತದೆ. ಅದಕ್ಕಿಂತ ಭಾರದ್ದು ಬೇಕಾದರೆ ಟ್ರೇಲರ್ ಇರಬೇಕು, ವಾಹನ ನೀರಿನ ಅಂಚಿಗೆ ಹೋಗುವ ದಾರಿಯೂ ಇರಬೇಕು.

ಉದ್ದವನ್ನೂ ಅಳೆದು ನೋಡಿ. 12 ಅಡಿಯ ಕಯಾಕ್ ಅಂದರೆ 3.66 ಮೀಟರ್. ಸಣ್ಣ ಕಾರಿನ ಮೇಲೆ ಮುಂದೆ ಹಿಂದೆ ಎರಡೂ ಕಡೆ ಚಾಚಿಕೊಳ್ಳುತ್ತದೆ. ಪಿಕಪ್‌ನಲ್ಲಿ ಹಾಕಿದರೆ ಹಿಂದೆ ಹೊರಗೆ ಬರುವ ಭಾಗಕ್ಕೆ ಕೆಂಪು ಬಟ್ಟೆ ಕಟ್ಟಿ. ಬಿಸಿಲಲ್ಲಿ ಹಗ್ಗ ಬಿಗಿದು ಕಟ್ಟಿದರೆ ಪ್ಲಾಸ್ಟಿಕ್ ಹಲ್ ಮೆತ್ತಗಾಗಿ ಅಲ್ಲೇ ತಗ್ಗು ಬೀಳುತ್ತದೆ. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಇದು ಸಣ್ಣ ವಿಷಯ ಅಲ್ಲ. ಮನೆಯಲ್ಲಿ ಇಡುವಾಗಲೂ ನೆರಳಲ್ಲಿ ಮಗುಚಿ ಇಡಿ. ಮಾಳಿಗೆ ಮೇಲೆ ಬಿಸಿಲಿಗೆ ಬಿಟ್ಟರೆ ವರ್ಷ ಕಳೆದಂತೆ ಬಣ್ಣ ಹೋಗಿ ಪ್ಲಾಸ್ಟಿಕ್ ಪೆಡಸಾಗುತ್ತದೆ.

ನಿಮ್ಮ ಮೈ, ನಿಮ್ಮ ಗಾಳ

ಕಂಪನಿಯವರು ಬರೆದ ಭಾರದ ಮಿತಿಯನ್ನು ಪೂರ್ತಿ ನಂಬಿಕೊಂಡು ಹೋಗಬೇಡಿ. ಅದರ ಶೇ 70ರಷ್ಟನ್ನು ನಿಮ್ಮ ಲೆಕ್ಕ ಅಂತ ಇಟ್ಟುಕೊಳ್ಳಿ. 181 ಕೆಜಿ ಅಂತ ಬರೆದಿದ್ದರೆ ನಿಮಗೆ ಸಿಗುವುದು ಸುಮಾರು 127 ಕೆಜಿ. 85 ಕೆಜಿಯ ಮನುಷ್ಯ, ರಾಡು, ಪೆಟ್ಟಿಗೆ, ಲಂಗರು, ನೀರು, ಬುತ್ತಿ ಸೇರಿಸಿದರೆ 115 ಕೆಜಿ ಹತ್ತಿರ ಬರುತ್ತದೆ. ಅಷ್ಟಕ್ಕೆ ಸರಿಹೋಯಿತು. 100 ಕೆಜಿ ಮೇಲಿನವರು ಇದೇ ಕಯಾಕ್ ತಗೊಂಡರೆ ಕುಳಿತಲ್ಲೇ ನೀರು ಮೇಲೆ ಬರಲು ಶುರುವಾಗುತ್ತದೆ.

ನಿಂತು ಗಾಳ ಎಸೆಯಬೇಕು ಅನ್ನುವವರಿಗೆ 34 ಇಂಚಿಗಿಂತ ಕಡಿಮೆ ಅಗಲ ಬೇಡ, 36 ಇದ್ದರೆ ಒಳ್ಳೇದು. ಅಗಲ ಹೆಚ್ಚಿದಷ್ಟೂ ಓಟ ಕಡಿಮೆ, ತೂಕ ಜಾಸ್ತಿ. ಕುಳಿತೇ ಹಿಡಿಯುವವರು ಈ ಅಗಲಕ್ಕೆ ದುಡ್ಡು ಸುರಿಯಬೇಕಾಗಿಲ್ಲ.

ಯಾವ ಮೀನು, ಯಾವ ರೀತಿ ಅನ್ನುವುದೂ ಮುಖ್ಯ. ಶೇಂಗಾ ಹಿಂಡಿ, ಹಿಟ್ಟಿನ ಉಂಡೆ ಹಾಕಿ ಕಾಟ್ಲಾ, ರೋಹು, ಗೆಂಡೆಗೆ ಒಂದೇ ಕಡೆ ಕಾದು ಕೂರುವವರಾದರೆ ನಿಜ ಹೇಳುತ್ತೇನೆ, ನಿಮಗೆ ಪೆಡಲ್ ಬೇಕಾಗಿಲ್ಲ. ಲಂಗರು ಹಾಕಿ ಕೂರುವ ಆಟ ಅದು. ಹುಟ್ಟಿನ ಸಾದಾ ಕಯಾಕ್ ಸಾಕು, ಉಳಿದ ದುಡ್ಡಿಗೆ ಒಳ್ಳೆ ರಾಡು, ರೀಲು, ಲೈಫ್ ಜಾಕೆಟ್ ಬರುತ್ತವೆ. ಜೊಂಡು, ಜಲಕಳೆಯ ಅಂಚಿನಲ್ಲಿ ಕೊರವನಿಗೆ ಕಪ್ಪೆ ಲೂರ್ ಎಸೆಯುವವರಿಗೆ, ಬಾಳೆ ಮೀನಿಗಾಗಿ ಲೂರ್ ಎಳೆಯುತ್ತಾ ಮಡುವಿನ ಅಂಚು ಹಿಡಿದು ಸಾಗುವವರಿಗೆ ಪೆಡಲ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಒಂದೇ ವೇಗದಲ್ಲಿ ನಿಧಾನಕ್ಕೆ ಹೋಗಬಹುದು, ಹುಟ್ಟಿನ ಸದ್ದೂ ಇರುವುದಿಲ್ಲ.

ಫಿನ್ ಡ್ರೈವ್

ಹೋಬಿ ಕಂಪನಿ 1997ರಲ್ಲಿ ಮಿರಾಜ್ ಡ್ರೈವ್ ತಂದಿತು. ಎರಡು ಪೆಡಲನ್ನು ಒಂದಾದ ಮೇಲೊಂದು ಮುಂದಕ್ಕೆ ಒತ್ತಿದರೆ ಹಲ್‌ನ ಅಡಿಯಲ್ಲಿರುವ ಎರಡು ರೆಕ್ಕೆಗಳು ಎಡಕ್ಕೆ ಬಲಕ್ಕೆ ಬೀಸುತ್ತವೆ. ಪೆಂಗ್ವಿನ್ ನೀರಲ್ಲಿ ಈಜುವ ರೀತಿ ನೋಡಿ ಮಾಡಿದ್ದು.

ನಮ್ಮ ನೀರಿಗೆ ಇದರ ದೊಡ್ಡ ಗುಣ ಒಂದಿದೆ. ಒಂದು ಪೆಡಲನ್ನು ಪೂರ್ತಿ ಮುಂದಕ್ಕೆ ಒತ್ತಿ ಹಿಡಿದರೆ ಎರಡೂ ರೆಕ್ಕೆ ಹಲ್‌ಗೆ ಅಂಟಿಕೊಂಡು ಮಲಗುತ್ತವೆ. ಬದು ಬಂತು, ಬೊಡ್ಡೆ ಬಂತು, ಬಲೆಯ ಹಗ್ಗ ಕಂಡಿತು ಅಂದರೆ ಡ್ರೈವ್ ಮೇಲೆತ್ತುವ ಗೊಡವೆ ಇಲ್ಲ. ಹಾಗೇ ತೇಲಿಕೊಂಡು ದಾಟಬಹುದು. ಮೊಣಕಾಲುದ್ದದ ನೀರಲ್ಲೂ ರೆಕ್ಕೆಯನ್ನು ಸಣ್ಣಗೆ ಆಡಿಸಿಕೊಂಡು ಮುಂದೆ ಸಾಗಬಹುದು. ಈಚಿನ ಮಾದರಿಗಳಲ್ಲಿ ರೆಕ್ಕೆ ಏನಕ್ಕಾದರೂ ಬಡಿದರೆ ಮಡಚಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಕಳೆ ಸಿಕ್ಕರೂ ಸುತ್ತಿಕೊಳ್ಳುವುದು ಕಡಿಮೆ, ಏಕೆಂದರೆ ಇಲ್ಲಿ ಏನೂ ಸುತ್ತು ತಿರುಗುವುದಿಲ್ಲ.

ಮೊಣಕಾಲು ನೋವಿರುವವರಿಗೂ ಇದೇ ಹಿತ. ಕಾಲನ್ನು ಪೂರ್ತಿ ಸುತ್ತು ತಿರುಗಿಸಬೇಕಾಗಿಲ್ಲ, ಸಣ್ಣ ಸಣ್ಣ ಒತ್ತು ಕೊಟ್ಟರೂ ಕಯಾಕ್ ಸಾಗುತ್ತದೆ.

ಕೊರತೆ ಹಿಂದಕ್ಕೆ ಬರುವಾಗ ಇದೆ. ಹಳೆಯ ಮಿರಾಜ್ ಡ್ರೈವ್‌ಗಳಲ್ಲಿ ರಿವರ್ಸ್ ಇಲ್ಲವೇ ಇಲ್ಲ. ಸೆಕೆಂಡ್‌ಹ್ಯಾಂಡ್ ತಗೊಳ್ಳುವವರು ಇದನ್ನು ಮೊದಲು ಕೇಳಬೇಕು. ಆಮೇಲೆ ಬಂದ 180 ಡ್ರೈವ್‌ನಲ್ಲಿ ಒಂದು ಹಗ್ಗ ಎಳೆದರೆ ರೆಕ್ಕೆ ತಿರುಗಿ ಹಿಂದಕ್ಕೆ ಹೋಗುತ್ತದೆ. 360 ಡ್ರೈವ್ ಯಾವ ದಿಕ್ಕಿಗೂ ತಿರುಗುತ್ತದೆ, ಅಡ್ಡಕ್ಕೂ ಸಾಗಬಹುದು. ಆದರೂ ದೊಡ್ಡ ಬಾಳೆ ಗಾಳಕ್ಕೆ ಸಿಕ್ಕು ಬೊಡ್ಡೆಯತ್ತ ಓಡುತ್ತಿರುವಾಗ 180ರಲ್ಲಿ ಹಗ್ಗಕ್ಕೆ ಕೈ ಹಾಕುವಷ್ಟು ಪುರುಸೊತ್ತು ಇರುವುದಿಲ್ಲ.

ಪ್ರೊಪೆಲ್ಲರ್ ಡ್ರೈವ್

ಇದು ಸೈಕಲ್ ತುಳಿದ ಹಾಗೆಯೇ. ಪೆಡಲ್ ಸುತ್ತಿದರೆ ಗೇರಿನ ಮೂಲಕ ಕೆಳಗಿನ ಪಂಖ ತಿರುಗುತ್ತದೆ. ಓಲ್ಡ್ ಟೌನ್ ಕಂಪನಿಯ ಪಿಡಿಎಲ್ ಡ್ರೈವ್‌ನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಪಂಖ 10.3 ಸುತ್ತು ಬರುತ್ತದೆ. ಮುಂದೆ ತುಳಿದರೆ ಮುಂದೆ, ಹಿಂದೆ ತುಳಿದರೆ ಹಿಂದೆ. ಕೈ ಎಲ್ಲಿಗೂ ಹೋಗಬೇಕಾಗಿಲ್ಲ. ಮೀನನ್ನು ಬೊಡ್ಡೆಯಿಂದ ಹೊರಗೆ ಎಳೆಯುವಾಗ, ಗಾಳಿಯಲ್ಲಿ ಒಂದೇ ಜಾಗ ಹಿಡಿದು ನಿಲ್ಲುವಾಗ ಇದರ ಸುಖವೇ ಬೇರೆ. ಆಳದ ನೀರಲ್ಲಿ ಲೂರ್ ಎಸೆಯುವವರು ಒಮ್ಮೆ ಇದಕ್ಕೆ ಒಗ್ಗಿದರೆ ಬೇರೆಯದು ಕೇಳುವುದಿಲ್ಲ.

ಆದರೆ ಪಂಖ ಹಲ್‌ಗಿಂತ ಒಂದೂವರೆ ಅಡಿ ಕೆಳಗೆ ಇಳಿದಿರುತ್ತದೆ. ಅದನ್ನು ಮಲಗಿಸಿಕೊಂಡು ತೇಲಲು ಆಗುವುದಿಲ್ಲ, ಇಡೀ ಡ್ರೈವನ್ನೇ ಮೇಲೆತ್ತಬೇಕು. ಜ್ಯಾಕ್ಸನ್ ಕಂಪನಿಯ ಫ್ಲೆಕ್ಸ್ ಡ್ರೈವ್‌ನಲ್ಲಿ ಪಂಖ ಏನಕ್ಕಾದರೂ ಬಡಿದರೆ ಹಲ್‌ನೊಳಗೆ ಮಡಚಿಕೊಳ್ಳುತ್ತದೆ. ಹೀಗೆ ಮಡಚಿಕೊಳ್ಳದ ಡ್ರೈವ್‌ಗಳಲ್ಲಿ ಪೆಟ್ಟು ನೇರ ಗೇರ್‌ಬಾಕ್ಸಿಗೆ ಹೋಗುತ್ತದೆ.

ಪಂಖಕ್ಕೆ ಬಲೆಯ ನೂಲು ಸಿಕ್ಕಿದರೆ ಏನಾಗುತ್ತದೆ ಅಂತ ಹೇಳುತ್ತೇನೆ. ಮೊದಲು ತುಳಿತ ಸ್ವಲ್ಪ ಬಿಗಿ ಅನಿಸುತ್ತದೆ. ಕಳೆ ಇರಬೇಕು ಅಂತ ನಾವು ಇನ್ನೂ ಜೋರಾಗಿ ತುಳಿಯುತ್ತೇವೆ. ಸಣ್ಣ ನೈಲಾನ್ ಎಳೆ ಪಂಖದ ಹಿಂದಿನ ಸಂದಿಗೆ ಹೋಗಿ ಸುತ್ತುಸುತ್ತಾಗಿ ಬಿಗಿಯುತ್ತದೆ. ಶಾಫ್ಟ್ ಸುತ್ತ ಒಂದು ರಬ್ಬರ್ ಸೀಲ್ ಇರುತ್ತದೆ, ಎಳೆ ಅದನ್ನು ಕೊರೆಯುತ್ತದೆ. ಅವತ್ತು ಏನೂ ಗೊತ್ತಾಗುವುದಿಲ್ಲ. ಕೆಲವು ವಾರ ಕಳೆದ ಮೇಲೆ ಗ್ರೀಸ್ ಬೆಳ್ಳಗೆ ಮಜ್ಜಿಗೆ ಬಣ್ಣಕ್ಕೆ ತಿರುಗಿರುತ್ತದೆ, ಅಂದರೆ ಒಳಗೆ ನೀರು ಹೋಗಿದೆ. ಬೇರಿಂಗ್ ಸದ್ದು ಮಾಡಲು ಶುರು ಮಾಡುತ್ತದೆ. ಹಾಗಾಗಿ ಪ್ರೊಪೆಲ್ಲರ್ ಇಟ್ಟುಕೊಂಡವರು ಪ್ರತಿ ಸಲ ಮನೆಗೆ ಬಂದು ಪಂಖ ಬಿಚ್ಚಿ ಹಿಂದಿನ ಸಂದಿ ನೋಡಲೇಬೇಕು. ಐದು ನಿಮಿಷದ ಕೆಲಸ. ತುಳಿತ ಬಿಗಿಯಾದ ಕ್ಷಣವೇ ನಿಲ್ಲಿಸಿ, ಡ್ರೈವ್ ಮೇಲೆತ್ತಿ ನೋಡುವುದು ಇನ್ನೂ ಒಳ್ಳೇದು.

ಕೆಟ್ಟರೆ ಯಾರು ಮಾಡುತ್ತಾರೆ?

ಈ ಅಂಶಕ್ಕೆ ನಾನು ಬೇರೆಯವರಿಗಿಂತ ಜಾಸ್ತಿ ತೂಕ ಕೊಡುತ್ತೇನೆ. ಈ ಕಯಾಕ್‌ಗಳೆಲ್ಲ ಹೊರಗಿನವು. ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕಾಗುತ್ತದೆ.

ಪ್ರೊಪೆಲ್ಲರ್ ಡ್ರೈವ್‌ನ ಒಳಗಿರುವುದು ಗೇರು, ಶಾಫ್ಟು, ಬೇರಿಂಗು, ಸೀಲು, ಪಿನ್ನು. ಇವೆಲ್ಲ ನಮ್ಮ ಮಿಸ್ತ್ರಿಗಳಿಗೆ ಗೊತ್ತಿರುವ ಸಾಮಾನು. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಲೇಥು, ಗೇರು ಕಡಿಯುವ ಕೆಲಸ ಮಾಡುವವರು ಸಾಲಾಗಿದ್ದಾರೆ. ಬಾಗಿದ ಶಾಫ್ಟನ್ನೋ ಸವೆದ ಬುಷ್ಷನ್ನೋ ಒಯ್ದು ತೋರಿಸಿದರೆ ಅಳತೆ ತೆಗೆದು ಮಾಡಿಕೊಡುತ್ತಾರೆ. ಬೇರಿಂಗು, ಸೀಲಿನ ಮೇಲೆ ನಂಬರ್ ಇದ್ದರೆ ಬೇರಿಂಗ್ ಅಂಗಡಿಯಲ್ಲೇ ಸಿಗಬಹುದು.

ಫಿನ್ ಡ್ರೈವ್ ಹಾಗಲ್ಲ. ರೆಕ್ಕೆ ಒಂದು ಬಗೆಯ ಅಚ್ಚಿನ ಸಾಮಾನು, ಅದರ ಬಳುಕು ಎಷ್ಟಿರಬೇಕೋ ಅಷ್ಟೇ ಇರಬೇಕು. ಹರಿದರೆ ಹೊಸದೇ ಗತಿ. ಒಳಗಿನ ಉಕ್ಕಿನ ಕಡ್ಡಿ ಬಾಗಿದರೆ ನೆಟ್ಟಗೆ ಮಾಡಿಸಬಹುದು, ಚೈನು, ಕೇಬಲಿಗೆ ಹೊಂದುವ ಬದಲಿ ಹುಡುಕಬಹುದು, ಆದರೆ ರೆಕ್ಕೆಗೆ ಪರ್ಯಾಯ ಇಲ್ಲ. ಫಿನ್ ತಗೊಳ್ಳುವವರು ಕಯಾಕ್ ಜೊತೆಗೇ ಒಂದು ಜೋಡಿ ಹೆಚ್ಚಿನ ರೆಕ್ಕೆ ತರಿಸಿಕೊಳ್ಳಿ. ಆಮೇಲೆ ನೋಡೋಣ ಅಂದುಕೊಂಡರೆ ಸೀಸನ್ ಕೈಬಿಟ್ಟಂತೆ.

ಮಾದರಿಗಳು

ಹೋಬಿ ಕಂಪಾಸ್ 12 ಅಡಿ ಉದ್ದ, 34 ಇಂಚು ಅಗಲ. ಬರೀ ಹಲ್ ಸುಮಾರು 31 ಕೆಜಿ, ಭಾರದ ಮಿತಿ 181 ಕೆಜಿ. ಒಬ್ಬರೇ ಕಾರಿನ ಮೇಲೆ ಏರಿಸಿ ಇಳಿಸಿ ಹಿನ್ನೀರಿಗೆ ಹೋಗುವವರಿಗೆ ನನ್ನ ಮೊದಲ ಆಯ್ಕೆ ಇದೇ. ನಿಲ್ಲಬಹುದು, ಆದರೆ ಅಲೆ ಇರುವಾಗ ಬೇಡ. ತೂಕದ ಮೈಯವರಿಗೆ ಸಾಲುವುದಿಲ್ಲ.

ಹೋಬಿ ಪ್ರೊ ಆಂಗ್ಲರ್ 14 ಇನ್ನೊಂದು ತುದಿ. 38 ಇಂಚು ಅಗಲ, ಮಿತಿ 272 ಕೆಜಿ. ಅದರ ಮೇಲೆ ನಿಂತು ಓಡಾಡಿಕೊಂಡೇ ಗಾಳ ಎಸೆಯಬಹುದು. ಆದರೆ ಎಲ್ಲ ಜೋಡಿಸಿದ ಮೇಲೆ 65 ಕೆಜಿ ದಾಟುತ್ತದೆ. 360 ಡ್ರೈವ್‌ನ ಮಾದರಿಗೆ ಅಮೆರಿಕದಲ್ಲೇ 5,000 ಡಾಲರ್ ಮೇಲೆ. ಅದರ ಮೇಲೆ ಹಡಗಿನ ಬಾಡಿಗೆ, ಸುಂಕ, ತೆರಿಗೆ ಎಲ್ಲ ಸೇರಬೇಕು. ಟ್ರೇಲರ್, ಒಳ್ಳೆ ದಂಡೆ, ಜೊತೆಗೆ ಒಬ್ಬ ಆಳು ಇರುವವರು ಮಾತ್ರ ಯೋಚಿಸಲಿ. ಎರಿಮಣ್ಣಿನ ದಂಡೆಗೆ ಇದನ್ನು ಒಬ್ಬರೇ ಇಳಿಸುವ ಸಾಹಸ ಬೇಡ.

ಪ್ರೊಪೆಲ್ಲರ್ ಕಡೆಗೆ ಬಂದರೆ ಓಲ್ಡ್ ಟೌನ್ ಪ್ರಿಡೇಟರ್ ಪಿಡಿಎಲ್ ಇದೆ. 13 ಅಡಿ 2 ಇಂಚು ಉದ್ದ, 36 ಇಂಚು ಅಗಲ, ಎಲ್ಲ ಸೇರಿ ಸುಮಾರು 53 ಕೆಜಿ, ಮಿತಿ 227 ಕೆಜಿ. ಹಿಡಕಲ್‌ನಂಥ ಆಳದ ನೀರಿಗೆ, ಗಾಳಿ ಅಲೆಗೆ ಜಗ್ಗದೆ ನಿಲ್ಲುವ ಕಯಾಕ್ ಇದು. ಇಬ್ಬರು ಬೇಕು. ಅದೇ ಕಂಪನಿಯ ಟಾಪ್‌ವಾಟರ್ 106 ಪಿಡಿಎಲ್ ಹತ್ತೂವರೆ ಅಡಿ. ಅಗಲ ಮಾತ್ರ ಅಷ್ಟೇ ಇರುವುದರಿಂದ ನಿಲ್ಲಲು ಚೆನ್ನ, ಪಿಕಪ್‌ನಲ್ಲಿ ಒಯ್ಯಲು ಸುಲಭ. ಉದ್ದ ಕಡಿಮೆ, ಅಗಲ ಜಾಸ್ತಿ ಇರುವುದರಿಂದ ದೂರ ಹೋಗುವಾಗ ನಿಧಾನ ಅನಿಸುತ್ತದೆ. ವಿಜಯಪುರದ ಭೂತನಾಳ ಕೆರೆಯಷ್ಟು ನೀರಿಗೆ ಅದೇನೂ ಕೊರತೆ ಅಲ್ಲ, ಅಲ್ವಾ?

ಪರ್ಸೆಪ್ಷನ್ ಪೆಸ್ಕಡಾರ್ ಪೈಲಟ್ 12 ಕಡಿಮೆ ಬೆಲೆಯವುಗಳಲ್ಲಿ ಹೆಸರು ಮಾಡಿದ್ದು. 38 ಕೆಜಿ ಆಸುಪಾಸು, ಮಿತಿ 215 ಕೆಜಿ. ಬೆಲೆ ಮೇಲೆ ಹೇಳಿದ ಪ್ರೊ ಆಂಗ್ಲರ್‌ನ ಅರ್ಧಕ್ಕೂ ಕಡಿಮೆ. 34 ಇಂಚಿಗೆ ಒಂದು ಚೂರು ಕಡಿಮೆ ಅಗಲ, ಹಾಗಾಗಿ ಕುಳಿತೇ ಹಿಡಿಯುವವರಿಗೆ ಸರಿ. ಪ್ರೊಪೆಲ್ಲರ್ ಬೇಕು, ತೂಕ ಬೇಡ, ದುಡ್ಡೂ ಅಷ್ಟಿಲ್ಲ ಅನ್ನುವವರಿಗೆ ಇದು ಹೊಂದುತ್ತದೆ.

ಇನ್ನು ಹೆಸರಿಲ್ಲದ ಚೀನಾ ಮಾಲು. 10 ಅಡಿ, 13 ಅಡಿಯ ಪ್ರೊಪೆಲ್ಲರ್ ಕಯಾಕ್‌ಗಳು ಇವು. ಒಂದೇ ಅಚ್ಚಿನದು ನಾಲ್ಕು ಹೆಸರಲ್ಲಿ ಮಾರಾಟವಾಗುತ್ತದೆ. ಇವನ್ನು ಪೂರ್ತಿ ತಳ್ಳಿಹಾಕಲಾರೆ. ಹಲ್ ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತದೆ. ನೋಡಬೇಕಾದ್ದು ಡ್ರೈವನ್ನು. ಪೆಡಲನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿ, ಸಡಿಲ ಎಷ್ಟಿದೆ ನೋಡಿ. ಪಂಖದ ಶಾಫ್ಟನ್ನು ಮುಂದೆ ಹಿಂದೆ ಎಳೆದು ನೋಡಿ. ಗೇರಿನ ಮುಚ್ಚಳ ಬಿಚ್ಚಲು ಬರುತ್ತದೋ, ಅಥವಾ ಅಂಟು ಹಾಕಿ ಮುಚ್ಚಿದ್ದಾರೋ ಕೇಳಿ. ಬಿಚ್ಚಲು ಬಂದರೆ ರಿಪೇರಿ ಆಗುತ್ತದೆ, ಅಂಟು ಹಾಕಿದ್ದರೆ ಕೆಟ್ಟ ದಿನವೇ ಅದರ ಕತೆ ಮುಗಿಯಿತು. ಹಲ್‌ಗೆ ಡ್ರೈವ್ ಕೂರುವ ಗೂಡಿನ ಸುತ್ತ ಬಿರುಕು ಇದೆಯೋ ಅಂತ ಬೆರಳಾಡಿಸಿ ನೋಡಿ. ಬಲ ಬೀಳುವುದೆಲ್ಲ ಅಲ್ಲೇ.

ಗಾಳಿ ತುಂಬುವ ಪೆಡಲ್ ಕಯಾಕ್‌ಗಳೂ ಇವೆ, ಹೋಬಿಯ ಐಟ್ರೆಕ್ ಅಂಥದ್ದು. ಮಡಚಿ ಡಿಕ್ಕಿಯಲ್ಲಿ ಇಡಬಹುದು, ಫ್ಲಾಟ್‌ನಲ್ಲಿ ಇರುವವರಿಗೆ ವರ. ನಮ್ಮ ಜಾಲಿ ಮುಳ್ಳಿನ ದಂಡೆಗೆ, ಮೊಸಳೆಯ ಮಡುವಿಗೆ ಇದನ್ನು ಒಯ್ಯಿರಿ ಅಂತ ಹೇಳಲು ನನಗೆ ಧೈರ್ಯ ಬರುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಬೀಳಗಿ, ಅನಗವಾಡಿ, ಹೆರಕಲ್ ಸುತ್ತಿನ ಹಿನ್ನೀರಲ್ಲಿ, ಅದೂ ಜನವರಿ ಮೇಲೆ ನೀರು ತೆಳ್ಳಗಾದ ಮೇಲೆ ಗಾಳ ಹಾಕುವವರಿಗೆ ಫಿನ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಬೊಡ್ಡೆ, ಬದು, ಬಲೆ, ಕಳೆ ನಾಲ್ಕೂ ಅಲ್ಲೇ ಇವೆ. ದುಡ್ಡು ಸಾಲದಿದ್ದರೆ 180 ಡ್ರೈವ್ ಇರುವ ಹಳೆ ಕಂಪಾಸ್ ಹುಡುಕುವುದು ಹೊಸ ಅಗ್ಗದ ಪ್ರೊಪೆಲ್ಲರ್‌ಗಿಂತ ಮೇಲು. ಚಿಕ್ಕಸಂಗಮದ ಕಡೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬಹಳ ಬರುತ್ತವೆ. ಹಿಂಡು ಕಂಡ ಕಡೆ ಸುತ್ತು ಹಾಕಿ ಹೋಗಿ.

ಹಿಡಕಲ್‌ನಲ್ಲಿ ಗುಡ್ಡದ ಅಂಚು ನೀರಿಗೆ ಇಳಿಯುವ ಕಡೆ, ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನ ಆಳದ ಹಿನ್ನೀರಲ್ಲಿ, ತುಂಬಿದ ಆಲಮಟ್ಟಿಯಲ್ಲಿ ನಡುನೀರಿಗೆ ಹೋಗುವವರಿಗೆ ಪ್ರೊಪೆಲ್ಲರ್ ಒಳ್ಳೇದು. ಬೆಳಗಾವಿಯಲ್ಲಿ ಇರುವವರಿಗೆ ಉದ್ಯಮಬಾಗ ಹತ್ತಿರ ಇರುವುದು ಇನ್ನೊಂದು ಅನುಕೂಲ. ಇಬ್ಬರು ಜೊತೆ ಹೋಗುವವರಾದರೆ ಪ್ರಿಡೇಟರ್, ಒಬ್ಬರೇ ಆದರೆ ಪೈಲಟ್.

ಹಿಪ್ಪರಗಿ, ಗಲಗಲಿ ಬ್ಯಾರೇಜುಗಳ ನಡುವಿನ ಹರಿಯುವ ಕೃಷ್ಣೆಯಲ್ಲಿ ಇಳಿಯುವವರು ಡ್ರೈವ್‌ಗಿಂತ ಮೊದಲು ಹೊಳೆಯ ಸುದ್ದಿ ಕೇಳಿ. ಮೇಲಿನಿಂದ ನೀರು ಬಿಟ್ಟರೆ ಸೆಳವು ಒಮ್ಮೆಲೇ ಏರುತ್ತದೆ. ಕಾಲಿನ ಬಲದಲ್ಲಿ ತಾಸಿಗೆ 5 ಕಿಲೋಮೀಟರ್ ಸುಮಾರಿಗೆ ಹೋಗುವ ಯಾವ ಕಯಾಕೂ ತುಂಬಿದ ಕೃಷ್ಣೆಯ ಎದುರು ನಿಲ್ಲುವುದಿಲ್ಲ. ಬ್ಯಾರೇಜಿನ ಗೇಟು, ಅಣೆಕಟ್ಟಿನ ಹತ್ತಿರ ಸುಳಿಯಲೇಬೇಡಿ. ಸೆಳವಿನಲ್ಲಿ ಲಂಗರನ್ನು ಕಯಾಕ್‌ನ ಮಗ್ಗುಲಿಗೆ ಕಟ್ಟಿದರೆ ಮಗುಚುತ್ತದೆ. ತುದಿಗೆ ಕಟ್ಟಿ, ಕೈಗೆ ಸಿಗುವ ಕಡೆ ಚಾಕು ಇರಲಿ. ಆಷಾಢದ ಗಾಳಿಯಲ್ಲಿ ಆಲಮಟ್ಟಿಗೂ ಇಳಿಯಬೇಡಿ.

ಊರ ಕೆರೆ, ಕೃಷಿಹೊಂಡದವರು ಪೆಡಲ್ ಬಿಟ್ಟು ಹುಟ್ಟಿನ ಕಯಾಕ್ ತಗೊಳ್ಳಿ.

ಲೈಫ್ ಜಾಕೆಟ್ ಇಲ್ಲದೆ ಇವುಗಳಲ್ಲಿ ಯಾವುದನ್ನೂ ನೀರಿಗೆ ಇಳಿಸಬಾರದು. ಹಾಗೇ, ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಪರವಾನಗಿ, ಗುತ್ತಿಗೆ, ಸಹಕಾರ ಸಂಘಗಳ ಮೂಲಕ ನಡೆಯುತ್ತದೆ. ಜಿಲ್ಲೆಯ ಮೀನುಗಾರಿಕೆ ಕಚೇರಿಗೆ ಒಮ್ಮೆ ಹೋಗಿ ಎಲ್ಲಿ ಹಿಡಿಯಬಹುದು, ಯಾವ ತಿಂಗಳು ಹಿಡಿಯಬಾರದು ಕೇಳಿ. ಆಮೇಲೆ ದಂಡೆಯ ಮೀನುಗಾರರ ಜೊತೆ ಕೂತು ಒಂದು ಚಹಾ ಕುಡಿಯಿರಿ. ಬಲೆ ಎಲ್ಲಿ ಬಿಡುತ್ತಾರೆ, ಹಳೆ ಗೋಡೆ ಎಲ್ಲಿದೆ, ಯಾವ ಮಡುವಿನಲ್ಲಿ ಮೊಸಳೆ ಇದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ದುಡ್ಡು ಕೊಡುವ ಮುಂಚೆ ಕಯಾಕ್‌ನಲ್ಲಿ ನೆಲದ ಮೇಲೆಯೇ ಕಾಲು ತಾಸು ಕುಳಿತು ನೋಡಿ. ಪೆಡಲ್‌ಗೆ ಕಾಲು ಚಾಚಿದಾಗ ಮೊಣಕಾಲು ಸ್ವಲ್ಪ ಮಡಚಿದಂತೆಯೇ ಇರಬೇಕು. ಪೂರ್ತಿ ನೆಟ್ಟಗಾದರೆ, ಅಥವಾ ಪ್ರೊಪೆಲ್ಲರ್ ತುಳಿಯುವಾಗ ಮೊಣಕಾಲು ಎದೆಗೆ ಬಂದರೆ, ಸೀಟು ಎಷ್ಟು ಮುಂದೆ ಹಿಂದೆ ಸರಿಯುತ್ತದೆ ನೋಡಿ. ಆಮೇಲೆ ಡ್ರೈವನ್ನು ನೀವೇ ಬಿಚ್ಚಿ, ನೀವೇ ಕೂರಿಸಿ. ಕೊನೆಗೆ ಬರೀ ಹಲ್‌ನ ಒಂದು ತುದಿ ಎತ್ತಿ ಕಾರಿನ ಮೇಲಿಟ್ಟು ತಳ್ಳಿ. ಮಾರುವವರ ಸಹಾಯ ಇಲ್ಲದೆ ಅದು ಮೇಲೆ ಹೋಗದಿದ್ದರೆ ಅದಕ್ಕಿಂತ ಒಂದು ಅಳತೆ ಚಿಕ್ಕದನ್ನು ಕೇಳಿ.